ಉಪ್ಪಲ್ ಸಿಗ್ನಲ್ಲಿನಲ್ಲಿ ತುಂಡಾಗುವ ಕನಸು

ದೇವರು ಕೆಲವರಿಗೆ ಹಾಸಿಗೆಯಲ್ಲಿ ನಿದ್ದೆ ಕೊಟ್ಟಿರುತ್ತಾನೆ, ಕೆಲವರಿಗೆ ಭಾಷಣ ಕೇಳುವಾಗ ಕೊಟ್ಟಿರುತ್ತಾನೆ. ನನಗೆ ಮಾತ್ರ ಓಡುವ ಗಾಡಿಯ ಮುಂದಿನ ಸೀಟಿನಲ್ಲಿ ಕೊಟ್ಟಿದ್ದಾನೆ. ಅದನ್ನು ಪೂರ್ತಿ ನಿದ್ದೆ ಎನ್ನಲಾಗುವುದಿಲ್ಲ. ಕಣ್ಣು ಅರ್ಧ ಮುಚ್ಚಿರುತ್ತದೆ, ಕಿವಿ ತೆರೆದಿರುತ್ತದೆ, ಮುಖಕ್ಕೆ ತಣ್ಣನೆ ಗಾಳಿ ತಾಗುತ್ತಿರುತ್ತದೆ, ಹೊರಗೆ ಮೆಟ್ರೋ ಕಂಬಗಳು ಒಂದೊಂದಾಗಿ ಹಿಂದಕ್ಕೆ ಸರಿಯುತ್ತಿರುತ್ತವೆ. ಆ ಹೊತ್ತಿನಲ್ಲಿ ನಾನು ಈ ಊರಿನವನೂ ಅಲ್ಲ, ಆ ಊರಿನವನೂ ಅಲ್ಲ. ಹೈದರಾಬಾದಿನ ನಾಂಪಲ್ಲಿಯ ಒಂದು ಖಾಸಗಿ ಕಚೇರಿಯಲ್ಲಿ ಆಯುಷ್ಯವೆಲ್ಲ ಕುರ್ಚಿ ಸವೆಸಿ ನಿವೃತ್ತನಾದ ಮೇಲೆ ನನಗೆ ಸಿಕ್ಕ ದೊಡ್ಡ ಪಿಂಚಣಿ ಎಂದರೆ ಈ ಮಂಪರೇ. ಹಾಗಾಗಿ ಅದಕ್ಕೆ ಕುತ್ತು ಬಂದಾಗ ನಾನು ಎಷ್ಟು ಕಂಗಾಲಾದೆ ಎಂಬುದನ್ನು ನೀವು ನಗದೆ ಕೇಳಬೇಕು.

ಗಾಡಿ ಯಾರು ಓಡಿಸುತ್ತಾರೆ ಎಂದು ಕೇಳಿ ಗಾಬರಿಯಾಗಬೇಡಿ. ಓಡಿಸುವವಳು ನನ್ನ ಹೆಂಡತಿ ಮಹಾನಂದಾ. ಮೊದಮೊದಲು ನಾನೇ ಓಡಿಸುತ್ತಿದ್ದೆ. ಒಂದು ದಿನ ಹಸಿರು ದೀಪ ಬಿದ್ದದ್ದು ಗೊತ್ತಾಗದೆ ಮೋಡ ನೋಡುತ್ತ ಕುಳಿತುಬಿಟ್ಟೆ. ದೀಪ ಮತ್ತೆ ಕೆಂಪಾಗಿ, ಮತ್ತೆ ಹಸಿರಾಗುವಷ್ಟರಲ್ಲಿ ಹಿಂದಿನವರು ತೆಲುಗಿನಲ್ಲೂ ಹಿಂದಿಯಲ್ಲೂ ನನ್ನ ವಂಶಾವಳಿಯನ್ನು ಓದಿ ಮುಗಿಸಿದ್ದರು. ಅಂದು ಕೀಲಿ ಅವಳ ಕೈಗೆ ಹೋದದ್ದು ಇಂದಿಗೂ ಅಲ್ಲೇ ಇದೆ. ಅವಳದು ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ವ್ಯಾಪಾರ. ಹೈದರಾಬಾದಿನಲ್ಲಿ ನೆಲೆಸಿದ ನಮ್ಮ ವಿಜಯಪುರದ ಕಡೆಯ ಮಂದಿಗೆ, ಉಪ್ಪಲ್ಲಿನಿಂದ ಶಂಶಾಬಾದಿನವರೆಗೆ, ಹಳೆಯ ಪಿಕಪ್ಪಿನ ಹಿಂದೆ ರೊಟ್ಟಿಯ ಡಬ್ಬ ಹೇರಿಕೊಂಡು ಹೋಗಿ ಮುಟ್ಟಿಸುತ್ತೇವೆ. ಈ 'ಮುಟ್ಟಿಸುತ್ತೇವೆ' ಎಂಬುದರಲ್ಲಿ ನನ್ನ ಪಾಲು ಡಬ್ಬ ಎತ್ತಿ ಕೊಡುವುದು, ಉಳಿದಂತೆ ಸೀಟಿನ ಶೋಭೆ ಹೆಚ್ಚಿಸುವುದು.

ಹೋದ ಬೇಸಿಗೆಯಲ್ಲಿ ಈ ಗಾಡಿಯ ಎಸಿಗೆ ಬಿಕ್ಕಳಿಕೆ ಹತ್ತಿತು. ಎಂಜಿನ್ನಿನ ಪಕ್ಕದಲ್ಲಿ ಕಂಪ್ರೆಸರ್ ಎಂಬ ಯಂತ್ರವಿದೆ. ಅದು ಗ್ಯಾಸನ್ನು ಒತ್ತಿ ತಳ್ಳಿದರೆ ನಮಗೆ ತಂಪು. ನಮ್ಮದು 'ಟಕ್' ಎಂದು ಶುರುವಾಗುತ್ತಿತ್ತು, ನಾಲ್ಕು ಉಸಿರು ತಂಪು ಕೊಡುತ್ತಿತ್ತು, ಮತ್ತೆ 'ಟಕ್' ಎಂದು ನಿಲ್ಲುತ್ತಿತ್ತು. ತುಸು ಹೊತ್ತಿಗೆ ಮತ್ತೆ ಟಕ್. ನನ್ನ ಕನಸುಗಳ ಗತಿ ಏನಾಯಿತು ಎಂದು ನೀವೇ ಊಹಿಸಿ. ಇದರ ನಡುವೆ ಅದಕ್ಕಿಂತ ವಿಚಿತ್ರವಾದ ಇನ್ನೊಂದು ಸಂಗತಿ ನಡೆಯುತ್ತಿತ್ತು. ಮಂಪರು ಹತ್ತಿದಾಗಲೆಲ್ಲ ಎಲ್ಲಿಂದಲೋ ಚೆಂಡು ಹೂವಿನ ವಾಸನೆ ಬರುತ್ತಿತ್ತು. ಆ ವಾಸನೆಗೆ ನನ್ನ ಅಜ್ಜ ಎದ್ದು ಬರುತ್ತಿದ್ದ. ಅವನು ವಿಜಯಪುರದಲ್ಲಿ ದರ್ಜಿಯಾಗಿದ್ದವನು. ಮಹಾನವಮಿಗೆ ಆಯುಧಗಳನ್ನು ಪೂಜಿಸುವ ಖಂಡೆ ಪೂಜೆಯ ದಿನ ಹೊಲಿಗೆ ಯಂತ್ರಕ್ಕೆ ಚೆಂಡು ಹೂವಿನ ಹಾರ ಹಾಕಿ, ಅದರ ಚಕ್ರವನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ, 'ಇವತ್ತ ಇದಕ್ಕೂ ಸೂಟಿ' ಎನ್ನುತ್ತಿದ್ದ. ಕನಸಿನಲ್ಲಿ ಆ ಚಕ್ರ ತಿರುಗುತ್ತಲೇ ಇರುತ್ತಿತ್ತು, ಹಳದಿ ಎಸಳು ಒಂದೊಂದೇ ಉದುರುತ್ತಿದ್ದವು. ಅಜ್ಜ ನನ್ನತ್ತ ತಿರುಗಿ ಏನೋ ಹೇಳಲು ಬಾಯಿ ತೆರೆಯುವುದಕ್ಕೂ ಕಂಪ್ರೆಸರ್ 'ಟಕ್' ಎನ್ನುವುದಕ್ಕೂ ಸರಿಹೋಗುತ್ತಿತ್ತು. ಅವನು ಏನು ಹೇಳುತ್ತಿದ್ದನೋ ಶಿವನೇ ಬಲ್ಲ. ನೆನಪು ಎಷ್ಟು ಆಳದಿಂದ ವಾಸನೆಯನ್ನು ಹೊತ್ತು ತರುತ್ತದಲ್ಲ ಎಂದು ನನ್ನ ಮನಸ್ಸಿನ ಬಗ್ಗೆ ನನಗೇ ಹೆಮ್ಮೆ ಎನಿಸುತ್ತಿತ್ತು. ಮಹಾನಂದಾಳಿಗೂ ಹೇಳಿದೆ. ಅವಳು ರಸ್ತೆಯಿಂದ ಕಣ್ಣು ತೆಗೆಯದೆ, "ನಿಮ್ಮಜ್ಜಗ ಗಾಡಿ ಬಾಡಿಗಿ ಕೇಳ್ರಿ" ಎಂದಳು.

ಇದು ಇಷ್ಟಕ್ಕೇ ಮುಗಿದಿದ್ದರೆ ನಾನು ತುಂಡು ಕನಸುಗಳನ್ನೇ ಪೋಣಿಸಿಕೊಂಡು ಇದ್ದುಬಿಡುತ್ತಿದ್ದೆ. ಆದರೆ ಒಂದು ಮಧ್ಯಾಹ್ನ ಉಪ್ಪಲ್ ಸಿಗ್ನಲ್ಲಿನ ಸಾಲಿನಲ್ಲಿ ಸಿಕ್ಕಿಕೊಂಡು, ಎಸಿ ಪೂರ್ತಿ ಕೈಕೊಟ್ಟು, ಸೆಕೆಗೆ ನನಗೆ ತಲೆ ತಿರುಗಿ ಕಣ್ಣು ಕತ್ತಲೆಗಟ್ಟಿತು. ಮಹಾನಂದಾ ಹೇಗೆ ಗಾಡಿ ತಿರುಗಿಸಿದಳೋ, ಯಾವ ಸಂದಿಯಲ್ಲಿ ನುಗ್ಗಿಸಿದಳೋ, ನನಗೆ ಎಚ್ಚರವಾದಾಗ ಮನೆಯ ಮುಂದೆ ಇದ್ದೆವು. ತಲೆಯ ಮೇಲೆ ಒದ್ದೆ ಟವೆಲ್ಲು ಇತ್ತು. ಅವಳು ಅಳುತ್ತಿದ್ದಳು, ಬೈಯುತ್ತಲೂ ಇದ್ದಳು. ಆಮೇಲೆ ಎರಡು ಅಮಾವಾಸ್ಯೆ ಕಳೆದ ಮೇಲೆ ತೀರ್ಪು ಕೊಟ್ಟಳು. "ಈ ಗಾಡಿ ಬ್ಯಾಡ್ರಿ. ಇನ್ನೊಂದ ಸಲ ನೀವು ಹಂಗ ಕಣ್ಣ ತೇಲಸಿದ್ರ ನನ್ನ ಕೈಲೆ ನೋಡಾಕ ಆಗೂದಿಲ್ಲ. ಝಹೀರಾಬಾದದ ಕಾಯಿಪಲ್ಲೆ ಯಾಪಾರಿ ಕೇಳಾಕತ್ಯಾನ. ಬರೂ ಅಮಾಸಿ ಪೂಜಾ ಮುಗಿಸಿ ಕೊಟ್ಟಬಿಡೂಣು. ಸಣ್ಣ ಟೆಂಪೋ ತಗೊಂಡ್ರಾತು." ಸಣ್ಣ ಟೆಂಪೋದಲ್ಲಿ ಮುಂದೆ ಡ್ರೈವರಿನ ಪಕ್ಕ ರೊಟ್ಟಿ ಡಬ್ಬ ಇಡುತ್ತಾರಂತೆ. ನಾನು ಮನೆಯಲ್ಲೇ ಫ್ಯಾನಿನ ಕೆಳಗೆ ಇರಬಹುದಂತೆ. ಗಾಡಿ ಹೋದರೆ ಹೋಗಲಿ, ಅದು ಕಬ್ಬಿಣ. ಆದರೆ ದಿನವಿಡೀ ಅವಳ ಪಕ್ಕದಲ್ಲಿ ಕೂರುವ ಸೌಭಾಗ್ಯ ನನಗೆ ಸಿಕ್ಕಿದ್ದು ಈ ಮುದಿ ವಯಸ್ಸಿನಲ್ಲಿ, ಆ ಸೀಟಿನಲ್ಲಿ. ಅದನ್ನು ಡಬ್ಬಗಳಿಗೆ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಓಡಿದೆ ಖಾಜಾಭಾಯಿಯ ಬಳಿಗೆ. ಉಪ್ಪಲ್ಲಿನಲ್ಲಿ ಗ್ಯಾರೇಜಿಟ್ಟಿರುವ ಖಾಜಾಭಾಯಿ ಬೀದರದವನು, ನನ್ನ ವಾರಿಗೆಯವನು. ಅರ್ಧ ಕನ್ನಡ, ಅರ್ಧ ದಖನಿ ಮಾತಾಡುತ್ತಾನೆ, ಎರಡರಲ್ಲೂ ಧೈರ್ಯ ಹೇಳುತ್ತಾನೆ. "ಗ್ಯಾಸ್ ಕಮ್ಮಿ ಆಗ್ಯಾದ ಸಾಬ್" ಎಂದು ಗ್ಯಾಸ್ ತುಂಬಿದ. ಬಿಕ್ಕಳಿಕೆ ಇನ್ನೂ ಜೋರಾಯಿತು. "ಸ್ವಿಚ್ ಖರಾಬ್" ಎಂದು ಸ್ವಿಚ್ಚು ಬದಲಿಸಿದ. ಬಿಕ್ಕಳಿಕೆ ಹೊಸ ಸ್ವಿಚ್ಚಿಗೂ ಹೊಂದಿಕೊಂಡಿತು. ಆಮೇಲೆ ಇಬ್ಬರೂ ಬಾನೆಟ್ ಎತ್ತಿಕೊಂಡು, ಮಗುವಿನ ಜ್ವರ ನೋಡುವ ಅಜ್ಜಿಯರ ಹಾಗೆ ತಲೆ ಅಲ್ಲಾಡಿಸುತ್ತ ಚಹಾ ಕುಡಿದೆವು. ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಇನ್ನು ದಾರಿಯಿಲ್ಲವೆಂದು ನಾನು ನನ್ನ ದುಃಖ ತೋಡಿಕೊಂಡೆ. "ಏನ್ ಹೇಳ್ಲಿ ಖಾಜಾಭಾಯಿ, ಶಂಶಾಬಾದ್ ರಸ್ತೆದಾಗ ಕನಸು ಚಲೋ ಉದ್ದಕ ಬೀಳ್ತೈತಿ. ಅಜ್ಜ ಹಾರಾ ಹಾಕಿ, ಊದಿನಕಡ್ಡಿ ಹಚ್ಚಿ, ಕಾಯಿ ಒಡಿಯೂತನಾ ಬರ್ತೈತಿ. ಈ ಉಪ್ಪಲ್ ಸಿಗ್ನಲ್ಲಿಗೆ ಬಂದ್ವಿ ಅಂದ್ರ ಅಜ್ಜ ಹೊಸ್ತಿಲಾ ದಾಟೂದ್ರೊಳಗ ಮುಗೀತು."

ಖಾಜಾಭಾಯಿ ಮೊದಲು ಹೊಟ್ಟೆ ಹಿಡಿದು ನಕ್ಕ. ಆಮೇಲೆ ನಗು ನಿಲ್ಲಿಸಿ ಚಹಾದ ಲೋಟ ಕೆಳಗಿಟ್ಟ. "ಅಂದ್ರ ಓಡುವಾಗ ಬರಾಬ್ಬರ್, ನಿಂತ್ರ ಬಂದ್. ಹೌದಲ್ಲ ಸಾಬ್?" ಎಂದ. ಹೌದೆಂದೆ. "ಅರೇ, ಇದನ್ನ ಮೊದಲೇ ಹೇಳ್ಬಾರ್ದಾ? ಇದು ಗಾಳಿ ಲಫಡಾ. ಮುಂದಿನ ಜಾಲಿಗೆ ಗಾಳಿ ಬಡಿಬೇಕು, ಗ್ಯಾಸಿನ ಬಿಸಿ ಹೊರಗ ಹೋಗ್ಬೇಕು. ಗಾಳಿ ಇಲ್ಲಂದ್ರ ಒಳಗ ಪ್ರೆಶರ್ ಏರ್ತದ, ಸ್ವಿಚ್ ಬಂದ್ ಮಾಡ್ತದ. ಇಳೀತು ಅಂದ್ರ ಮತ್ತ ಚಾಲೂ. ಅದರ ಮ್ಯಾಲ ನಾನು ಗ್ಯಾಸ್ ಬ್ಯಾರೆ ಜಾಸ್ತಿ ಮಾಡೀನಿ, ತೋಬಾ!" ನನ್ನ ನಿದ್ದೆ ಜನ್ಮದಲ್ಲಿ ಒಮ್ಮೆಯಾದರೂ ಯಾವುದಕ್ಕೋ ಉಪಯೋಗವಾಯಿತೆಂದು ನಾನು ಉಬ್ಬಿಹೋದೆ. ಹಾಗಿದ್ದರೆ ಆ ಜಾಲಿಯನ್ನು ಮೊದಲೇ ಏಕೆ ನೋಡಲಿಲ್ಲ ಎಂದು ಕೇಳಿದರೆ, ಖಾಜಾಭಾಯಿ ಗಾಡಿಯ ಮುಂಭಾಗವನ್ನು ತೋರಿಸಿ ಸಂಕೋಚದಿಂದ ಎರಡು ಹೆಜ್ಜೆ ಹಿಂದೆ ನಿಂತ. "ಅಲ್ಲಿ ಅಮ್ಮಾವ್ರ ಪೂಜಾದ ಹೂವು ಅವ. ದೇವರ ಹೂವಿಗಿ ನಾ ಹ್ಯಾಂಗ ಕೈ ಹಚ್ಲಿ ಸಾಬ್?"

ನಿಜ. ನಮ್ಮ ಕಡೆ ಅಮಾವಾಸ್ಯೆ ಎಂದರೆ ಗಾಡಿಗೆ ಪೂಜೆ ತಪ್ಪುವುದಿಲ್ಲ. ತೊಳೆದು, ವಿಭೂತಿ ಹಚ್ಚಿ, ನಿಂಬೆಹಣ್ಣು ಕಟ್ಟಿ, ಮುಂದಿನ ಜಾಲಿಗೆ ಚೆಂಡು ಹೂವಿನ ಹಾರ. ಆ ಹಾರಕ್ಕೆ ಕೈ ಹಚ್ಚುವ ಧೈರ್ಯ ಖಾಜಾಭಾಯಿಗೆ ಹೇಗೆ ಇಲ್ಲವೋ ಹಾಗೆ ನನಗೂ ಇರಲಿಲ್ಲ. ಅವನಿಗೆ ದೇವರ ಮೇಲಿನ ಗೌರವ, ನನಗೆ ಹೆಂಡತಿಯ ಮೇಲಿನದು. ಮಹಾನಂದಾಳಿಗೆ ಫೋನು ಮಾಡಿ ಕರೆಸಿದೆವು. ಅವಳು ಬಂದು, ಕಣ್ಣಿಗೊತ್ತಿಕೊಂಡು, ಹಾರ ಬಿಚ್ಚಿದಳು. ಖಾಜಾಭಾಯಿ ಜಾಲಿ ಕಳಚಿದ. ಒಳಗಿಂದ ಒಂದು ಬುಟ್ಟಿಯಾಗುವಷ್ಟು ಹೂವು ಧಬಕ್ಕೆಂದು ಬಿತ್ತು. ಮೇಲಿನದು ಒಣಗಿತ್ತು, ನಡುವಿನದು ಕಪ್ಪಾಗಿತ್ತು, ಅಡಿಯದು ಕೊಳೆತು ಗೊಬ್ಬರವಾಗಿತ್ತು. ಅದರಿಂದ ಎದ್ದ ವಾಸನೆ ನನಗೆ ಚೆನ್ನಾಗಿ ಗುರುತಿತ್ತು. ನನ್ನ ನೆನಪಿನ ಆಳ ಎಷ್ಟೆಂದು ಆ ಕ್ಷಣ ಸರಿಯಾಗಿ ತಿಳಿಯಿತು. ಬಂಪರಿನಿಂದ ಒಂದು ಗೇಣು ಒಳಕ್ಕೆ.

ಮಹಾನಂದಾಳ ಮುಖ ಸಣ್ಣದಾಯಿತು. "ಪೂಜಾ ಮಾಡಿದ ಹೂವು ಕಸದಾಗ ಹೆಂಗ ಒಗೀಲ್ರಿ? ಊರಿಗೆ ಹ್ವಾದಾಗ ಭೀಮಾ ಹೊಳ್ಯಾಗ ಬಿಟ್ರಾತು ಅಂತ ಹಳೀ ಹಾರ ಸಂದ್ಯಾಗ ತುರುಕಿ ಇಡತಿದ್ದೆ. ಊರಿಗೆ ಹೋಗೂದು ಆಗ್ಲೇ ಇಲ್ಲ" ಎಂದಳು. ಆಮೇಲೆ ಬಿಚ್ಚಿದ ಹಾರವನ್ನು ಮಡಚುತ್ತ, "ಅವತ್ತ ನಿಮಗ ಹಂಗಾದಾಗ ಈ ಗಾಡಿ ಎಲ್ಲೂ ನಿಂದರಲಾರದ ಮನಿ ಮುಟ್ಟಿಸ್ತಲ್ರಿ. ಅದಕ್ಕ ಆಮ್ಯಾಲ ಎರಡೆರಡು ಹಾರ ಹಾಕಿದೆ" ಎಂದಳು. ಎಸಿ ಕೆಟ್ಟಂತೆಲ್ಲ ಹಾರ ದಪ್ಪವಾಗಿತ್ತು, ಹಾರ ದಪ್ಪವಾದಂತೆಲ್ಲ ಎಸಿ ಕೆಟ್ಟಿತ್ತು. ನಾನು ಉಳಿಯಲೆಂದು ಅವಳು ಹಾಕಿದ ಹೂವೇ ನನ್ನ ಗಾಳಿ ತಡೆದಿತ್ತು. ನಗಬೇಕೆಂದು ಬಾಯಿ ತೆರೆದೆ, ನಗು ಬರಲಿಲ್ಲ. ಕಣ್ಣು ತುಂಬಿ ಬಂತು. ಖಾಜಾಭಾಯಿ ನಮ್ಮತ್ತ ನೋಡದೆ, ಹೂವನ್ನೆಲ್ಲ ಒಂದು ಶುಭ್ರ ಚೀಲಕ್ಕೆ ತುಂಬಿ, "ನಿಮ್ಮ ಹೊಳಿಗಿ ಒಯ್ಯೂತನಕ ಇಲ್ಲೇ ಮ್ಯಾಲ ಇಟ್ಟಿರ್ತೀನಮ್ಮಾ" ಎಂದು ತನ್ನ ಕಪಾಟಿನ ಮೇಲಿಟ್ಟ. ಜಾಲಿಗೆ ನೀರು ಹಾಯಿಸಿ, ಗ್ಯಾಸನ್ನು ಹದಕ್ಕೆ ತಂದು ಎಸಿ ಹಾಕಿದ. 'ಟಕ್' ಎಂದದ್ದು ಮತ್ತೆ 'ಟಕ್' ಎನ್ನಲಿಲ್ಲ. ಮೂವರೂ ಉಸಿರು ಬಿಗಿಹಿಡಿದು, ಸೀಟಿನಲ್ಲಿ ಒತ್ತಿಕೊಂಡು ಕುಳಿತು, ನಡುಗುವವರೆಗೆ ತಂಪು ತಗೊಂಡೆವು.

ಅಮಾವಾಸ್ಯೆಯ ಬೆಳಿಗ್ಗೆ ಮಹಾನಂದಾ ಎಂದಿನಂತೆ ಗಾಡಿ ತೊಳೆದು, ವಿಭೂತಿ ಹಚ್ಚಿದಳು. ಕೈಯಲ್ಲಿ ಹೊಸ ಚೆಂಡು ಹೂವಿನ ಹಾರ ಹಿಡಿದು ಜಾಲಿಯ ಮುಂದೆ ನಿಂತವಳಿಗೆ ಎಲ್ಲಿ ಹಾಕಬೇಕೆಂದು ತೋಚಲಿಲ್ಲ. ಮುಂದಿನ ಗಾಜಿಗೆ ಹಾಕಿದರೆ ರಸ್ತೆ ಕಾಣುವುದಿಲ್ಲ, ಕನ್ನಡಿಗೆ ಹಾಕಿದರೆ ಹಿಂದಿನವರು ಕಾಣುವುದಿಲ್ಲ. ತಂದ ಹಾರ ಹಾಕದೆ ಮನೆಯೊಳಗೆ ಒಯ್ಯುವಂತಿಲ್ಲ. ಅತ್ತಿತ್ತ ನೋಡಿದಳು. ಆಗಲೇ ಸೀಟು ಹಿಡಿದು ಅರ್ಧ ಕಣ್ಣು ಮುಚ್ಚಿದ್ದ ನನ್ನ ಕೊರಳಿಗೆ ಹಾಕಿಬಿಟ್ಟಳು. ಅದೇ ಹೊತ್ತಿಗೆ ಗಾಡಿ ಒಯ್ಯಲು ಝಹೀರಾಬಾದಿನ ವ್ಯಾಪಾರಿ ಬಂದ. ಮಾರುವ ಗಾಡಿಗೆ ಹಾರ ಹಾಕಿ ಒಪ್ಪಿಸುವುದು ವಾಡಿಕೆಯೆಂದು ಬಲ್ಲ ಅವನು ಖಾಲಿ ಜಾಲಿಯನ್ನು ನೋಡಿದ, ನನ್ನ ಕೊರಳನ್ನು ನೋಡಿದ. "ಏನಮ್ಮಾ, ಗಾಡಿ ಅಂದಿದ್ರಿ. ಇವರನ್ನ ಕೊಡಾಕತ್ತೀರೇನು?" ಎಂದ. ಮಹಾನಂದಾ ನಕ್ಕಳು. "ಗಾಡಿ ರಿಪೇರಿ ಆತ್ರಿ ಅಣ್ಣಾರ, ಕೊಡೂದಿಲ್ಲ. ಇವ್ರನ್ನ ಬೇಕಾದ್ರ ನೋಡ್ರಿ, ಆದ್ರ ಹಳೀ ಮಾಡೆಲ್ಲು. ಹಾರಾ ಅಲ್ಲಿ ಯಾಕ ಹಾಕೀನಿ ಅಂದ್ರ, ಈ ಗಾಡ್ಯಾಗ ಗಾಳಿ ತಡದ್ರೂ ಯಾವ ಕೆಲಸಾನೂ ನಿಂದರದ ಜಾಗಾ ಅದೊಂದ."

ಅಂದಿನಿಂದ ಅಮಾವಾಸ್ಯೆಯ ದಿನ ನಾನು ಹಾರ ಹಾಕಿಕೊಂಡೇ ರೊಟ್ಟಿ ಹಂಚಲು ಹೋಗುತ್ತೇನೆ. ಉಪ್ಪಲ್ ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವರು ಯಾವ ಪಾರ್ಟಿಯವರು ಎಂದು ಕೇಳುತ್ತಾರೆ. ನಾನು ಕೈ ಮುಗಿಯುತ್ತೇನೆ. ಎಸಿ ಒಂದೇ ಸಮನೆ ಬೀಸುತ್ತದೆ, ಚೆಂಡು ಹೂವು ಮೂಗಿನ ಕೆಳಗೇ ಘಮ್ಮೆನ್ನುತ್ತದೆ, ಚಕ್ರ ತಿರುಗುತ್ತದೆ, ಅಜ್ಜ ಬರುತ್ತಾನೆ. ಮೊನ್ನೆ ಅವನು ಕೊನೆಗೂ ಬಾಯಿ ತೆರೆದ. ಆದರೆ ಕೇಳಿಸಿದ ದನಿ ಮಹಾನಂದಾಳದು. ಫೋನಿನಲ್ಲಿ ಖಾಜಾಭಾಯಿಗೆ ಹೇಳುತ್ತಿದ್ದಳು: "ಎಸಿ ಭಾಳ ಚಲೋ ಐತ್ರಿ ಭಾಯಿ. ಈಗ ಬರೇ ನಮ್ಮವರ ಗೊರಕಿ ಒಂದ ನಿಂತ ನಿಂತ ಚಾಲೂ ಆಗಾಕತ್ತೈತಿ. ನಾಳೆ ಕರ್ಕೊಂಡ ಬರ್ಲ್ಯಾ?"