ಮೋಡದ ಬೀಗಕ್ಕೆ ಕುಂಕುಮ

ನಮ್ಮ ಆಫೀಸಿನಲ್ಲಿ ಪಾಸ್‌ವರ್ಡ್ ಬದಲಾಯಿಸಿದ ವಾರ ಏನೂ ಎಡವಟ್ಟಾಗಲಿಲ್ಲ ಎಂದರೆ, ಆ ವಾರ ಯಾರೂ ಕೆಲಸಕ್ಕೇ ಬಂದಿಲ್ಲ ಎಂದು ತಿಳಿಯಬೇಕು.

ಹೂಟಗಳ್ಳಿಯಲ್ಲಿ ಹನ್ನೊಂದು ಜನರ ಪುಟ್ಟ ಕಂಪನಿ ನಮ್ಮದು. ಗಿರಾಕಿಗಳ ಕಂಪ್ಯೂಟರ್ ಕೆಲಸವನ್ನೆಲ್ಲ ಕ್ಲೌಡ್‌ನಲ್ಲಿಟ್ಟು ನೋಡಿಕೊಳ್ಳುತ್ತೇವೆ. ಯಂತ್ರಗಳು ನಮ್ಮ ಹತ್ತಿರ ಇಲ್ಲ, ಎಲ್ಲೋ ದೂರದಲ್ಲಿ ಬಾಡಿಗೆಗೆ ಹಿಡಿದಿದ್ದೇವೆ. ನಮ್ಮ ಕೈಯಲ್ಲಿರುವುದು ಅವುಗಳ ಒಳಗೆ ಹೋಗುವ ಪಾಸ್‌ವರ್ಡ್‌ಗಳು ಮಾತ್ರ, ಅವನ್ನು ಕಾಯುವವಳು ನಾನು. ನಮ್ಮಮ್ಮ ನೆಂಟರಿಗೆಲ್ಲ "ನಮ್ಮ ಮಗಳಿಗೆ ಬೀಗದ ಕೈ ಇಟ್ಕೊಳ್ಳೋ ಕೆಲಸ" ಎಂದು ಹೇಳಿಟ್ಟಿದ್ದಾರೆ. ನಾನು ಯಾವುದೋ ಲಾಡ್ಜಿನಲ್ಲಿದ್ದೇನೆ ಎಂದೇ ಎಲ್ಲರೂ ನಂಬಿದ್ದಾರೆ.

ಈ ವರ್ಷ ನಮ್ಮ ಅತಿ ದೊಡ್ಡ ಗಿರಾಕಿ, ದಸರಾ ಮುಗಿದ ಕೂಡಲೇ ತಪಾಸಣೆಗೆ ಅಧಿಕಾರಿಯೊಬ್ಬರನ್ನು ಕಳಿಸುವುದಾಗಿ ಹೇಳಿದರು. ಪಾಸ್‌ವರ್ಡ್ ವಿಷಯದಲ್ಲಿ ಸಡಿಲ ಕಂಡರೆ ಕೆಲಸ ವಾಪಸ್. ಹಾಗಾದರೆ ಮೊದಲು ಮನೆಗೆ ಹೋಗುವವಳು ನಾನೇ. ನಿಜವಾಗಿಯೂ ಹೆದರಿದ್ದೆ.

ಪಕ್ಕದ ಮನೆಯವರ ನಂಬಿಕೆ

ನಮ್ಮ ಸಹೋದ್ಯೋಗಿ ಒಬ್ಬರು ಒಂಟಿಕೊಪ್ಪಲಿನವರು. ಅಕ್ಕನ ಮಗಳ ಮದುವೆಗೆಂದು ರಜೆ ಹಾಕಿ ಹೋಗುವಾಗ ತಮ್ಮ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಎದುರು ಕುರ್ಚಿಯವರಿಗೆ ಕೊಟ್ಟು ಹೋದರು. ಅವರು ವಾಪಸ್ ಬಂದ ಮೇಲೆ ನಾನು ಗದರಿದೆ.

"ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಹೋಗಲ್ವೇನ್ರೀ? ನಂಬಿಕೆ ಅನ್ನೋದು ಬೇಡ್ವಾ?" ಎಂದು ಅವರೇ ನನ್ನ ಮೇಲೆ ಬೇಜಾರಾದರು.

ಚೀಟಿ ಹುಡುಕುತ್ತಾ ಹೋದೆ. ಎದುರು ಕುರ್ಚಿಯವರು ಜ್ವರ ಬಂದು ಮನೆಗೆ ಹೋಗುವಾಗ ಪಕ್ಕದವರಿಗೆ ಕೊಟ್ಟಿದ್ದರು. ಪಕ್ಕದವರು ಊಟಕ್ಕೆ ಹೋಗುವಾಗ ಗೇಟಿನ ಸೆಕ್ಯುರಿಟಿಯವರಿಗೆ ಕೊಟ್ಟಿದ್ದರು. ಓಡಿಹೋಗಿ ಕೇಳಿದೆ.

"ಗಾಬರಿ ಆಗ್ಬೇಡಿ ಮೇಡಂ, ಭದ್ರವಾಗೈತೆ. ಇವ್ರದ್ದು ಒಂದೇ ಅಲ್ಲ, ಎಲ್ರದ್ದೂ ನನ್ನತ್ರಾನೇ ಐತೆ" ಎಂದು ರಿಜಿಸ್ಟರ್ ಬಿಚ್ಚಿದರು. ಹೆಸರು, ಪಾಸ್‌ವರ್ಡ್, ಕೊಟ್ಟ ಸಮಯ, ಪಕ್ಕದಲ್ಲಿ ಸಹಿ. ನನ್ನ ದಾಖಲೆಗಳು ಅದರ ಅರ್ಧದಷ್ಟೂ ಅಚ್ಚುಕಟ್ಟಾಗಿರಲಿಲ್ಲ.

ಯಜಮಾನರ ಬಿಗಿ

ಇದು ಕಿವಿಗೆ ಬಿದ್ದದ್ದೇ ತಡ, ನಮ್ಮ ಯಜಮಾನರು ಕೆರಳಿದರು. "ಯಾರಿಗೆ ಯಾಕೆ ಬೇಕ್ರೀ ಇಷ್ಟೊಂದು ಅನುಮತಿ?" ಎಂದು ತಾವೇ ಕೂತು, ಎಲ್ಲ ಯಂತ್ರಗಳನ್ನೂ ಆಳುವ ಮುಖ್ಯ ಖಾತೆಯಿಂದ ಒಬ್ಬೊಬ್ಬರ ಹೆಸರನ್ನೇ ತೆಗೆಯತೊಡಗಿದರು. ಸಂಜೆ ಹೊತ್ತಿಗೆ ನನ್ನನ್ನು ಕರೆದರು.

"ಸ್ವಲ್ಪ ಒಳಗೆ ಹೋಗಿ ನನ್ನ ಹೆಸರು ವಾಪಸ್ ಸೇರಿಸಿಬಿಡಿ. ಕೈತಪ್ಪಿ ನನ್ನನ್ನೇ ತೆಗೆದುಬಿಟ್ಟೆ."

"ನನ್ನನ್ನ ಬೆಳಿಗ್ಗೇನೇ ತೆಗೆದಿದ್ರಿ ಸಾರ್."

ಹಾಗಾದರೆ ಒಳಗೆ ಉಳಿದವರು ಯಾರು ಎಂದು ಹುಡುಕಿದೆವು. ಒಬ್ಬರೇ ಒಬ್ಬರಿದ್ದರು. ನಾಲ್ಕು ವರ್ಷದ ಹಿಂದೆ ಕೆಲಸ ಬಿಟ್ಟು ಸರಸ್ವತಿಪುರಂನಲ್ಲಿ ದೋಸೆ ಹೋಟೆಲ್ ಇಟ್ಟವರು! ಅವರ ಹೆಸರು ಪಟ್ಟಿಯಲ್ಲಿರುವುದೇ ಯಾರಿಗೂ ನೆನಪಿರಲಿಲ್ಲ.

ಇಬ್ಬರೂ ಆಟೋ ಹತ್ತಿ ಹೋದೆವು. ಅವರು ಮೊದಲು ದೋಸೆ ತಿನ್ನಿಸಿದರು, ಆಮೇಲೆ ಕೈ ಒರೆಸಿಕೊಂಡು ನನ್ನ ಲ್ಯಾಪ್‌ಟಾಪ್‌ನಲ್ಲೇ ಒಳಗೆ ಹೋಗಿ ನಮ್ಮಿಬ್ಬರನ್ನೂ ಸೇರಿಸಿದರು.

"ಕೆಲಸ ಬಿಟ್ಟ ದಿನ ಐಡಿ ಕಾರ್ಡ್ ಇಸ್ಕೊಂಡ್ರಿ, ಊಟದ ಕೂಪನ್ನೂ ಇಸ್ಕೊಂಡ್ರಿ. ಇದೊಂದನ್ನ ಮರೆತ್ಬುಟ್ರಿ ಸಾರ್" ಎಂದು ನಕ್ಕರು.

ಬರುವಾಗ ದಾರಿಯಲ್ಲಿ ಯಜಮಾನರು ಗಂಭೀರವಾಗಿ ಹೇಳಿದರು: "ಇವರ ಹೆಸರು ಮಾತ್ರ ತೆಗೀಬೇಡಿ ಕಣ್ರೀ. ಚಟ್ನಿ ಚೆನ್ನಾಗಿತ್ತು."

ಮರುದಿನವೇ ತೆಗೆದೆ.

ಆಯುಧ ಪೂಜೆ

ಇನ್ನು ಚೀಟಿಯ ಸಹವಾಸವೇ ಬೇಡ ಎಂದು ರಿಜಿಸ್ಟರಿನ ಹಾಳೆಗಳನ್ನು ಹರಿದು, ಎಲ್ಲರ ಪಾಸ್‌ವರ್ಡ್ ಬದಲಾಯಿಸಿ, ಎರಡು ಭದ್ರತಾ ಕೀಗಳನ್ನು ತರಿಸಿದೆ. ನೋಡಲು ಪೆನ್‌ಡ್ರೈವಿನ ಹಾಗೆಯೇ ಇರುತ್ತವೆ. ಕಂಪ್ಯೂಟರಿಗೆ ಚುಚ್ಚದಿದ್ದರೆ ಮುಖ್ಯ ಖಾತೆ ತೆರೆಯುವುದೇ ಇಲ್ಲ. ಒಂದು ನನ್ನ ಹತ್ತಿರ, ಇನ್ನೊಂದು ಬೀರುವಿನಲ್ಲಿ.

ಆಯುಧ ಪೂಜೆ ಬಂತು. ಆಫೀಸಿನ ಒಳಹೊರಗನ್ನು ನೋಡಿಕೊಳ್ಳುವ ಹಿರಿಯ ಅಮ್ಮ ಒಬ್ಬರಿದ್ದಾರೆ. ಕಂಪ್ಯೂಟರು, ಸ್ಟೇಪ್ಲರು, ಯಜಮಾನರ ಕಾರು ಎಲ್ಲಕ್ಕೂ ಕುಂಕುಮ ಇಟ್ಟ ಮೇಲೂ ಅವರಿಗೆ ಸಮಾಧಾನವಿಲ್ಲ.

"ಅನ್ನ ಹಾಕೋ ಮಿಷಿನ್ನು ಎಲ್ಲೋ ಐತೆ ಅಂತೀಯ. ಅದಕ್ಕೆ ಎಂಗವ್ವ ಕುಂಕುಮ ಇಡಾದು? ಅದರ ಬೀಗದ ಕೈಗಾದ್ರೂ ಇಡಾನ, ತಗೊಂಬಾ."

ತಟ್ಟೆಯಲ್ಲಿ ಎರಡು ಕೀಗಳನ್ನೂ ಇಟ್ಟು ಕೊಟ್ಟೆ. ಮಂಗಳಾರತಿ ಆಯಿತು, ಎಲ್ಲರೂ ಕೈ ಮುಗಿದೆವು. ಮನಸ್ಸಿಗೂ ಧೈರ್ಯ ಬಂತು.

ವಿಜಯದಶಮಿಯ ಮರುದಿನ ತಪಾಸಣೆಯ ಅಧಿಕಾರಿ ಬಂದರು. ನಗುವುದೇ ಗೊತ್ತಿಲ್ಲದ ಮುಖ. "ಮುಖ್ಯ ಖಾತೆ ತೆಗೆದು ತೋರಿಸಿ" ಎಂದರು. ನನ್ನ ಕೀ ಚುಚ್ಚಿದೆ. ಅದಕ್ಕೆ ಉಸಿರೇ ಇಲ್ಲ. ತೆಗೆದು ನೋಡಿದರೆ ಅದರ ಲೋಹದ ತುದಿಯ ತುಂಬ ಗಂಧ ಒಣಗಿ ಕೂತಿದೆ, ಮೇಲೆ ಕುಂಕುಮ. ಬೀರುವಿನದನ್ನು ತಂದೆ. ಅದರ ಮೇಲೆ ಭಕ್ತಿ ಇನ್ನೂ ಹೆಚ್ಚಾಗಿತ್ತು.

ಯಜಮಾನರು ನನ್ನ ಕಿವಿಯಲ್ಲಿ, ಆದರೆ ಇಡೀ ಕೋಣೆಗೆ ಕೇಳುವ ಹಾಗೆ, "ಸರಸ್ವತಿಪುರಂಗೆ ಹೋಗಿ ಬರೋಣ್ವೇನ್ರೀ?" ಎಂದರು.

"ಕೆಲಸ ಬಿಟ್ಟವರಲ್ವಾ, ಅವರ ಹೆಸರು ಆಗಲೇ ತೆಗೆದೆ ಸಾರ್."

"ಅಯ್ಯೋ! ಗೇಟಿನವರ ಹತ್ತಿರ ಏನಾದ್ರೂ ಇದೆಯಾ ನೋಡಿ!"

ನಾನು ತಡೆಯುವಷ್ಟರಲ್ಲಿ ಸೆಕ್ಯುರಿಟಿಯವರನ್ನು ಕರೆಸಿಯೇಬಿಟ್ಟರು. ಅವರು ಅಧಿಕಾರಿಯ ಮುಂದೆಯೇ ಗೋಳು ತೋಡಿಕೊಂಡರು: "ಈ ಮೇಡಂ ಬುಡ್ತಿಲ್ಲ ಸಾರ್. ಒಬ್ರೂ ಪಾಸ್‌ವರ್ಡ್ ಕೊಡ್ತಿಲ್ಲ. ರಿಜಿಸ್ಟರ್ ಖಾಲಿ ಬಿದ್ದೈತೆ."

ನನ್ನ ಕೆಲಸ ಹೋಯಿತೆಂದೇ ಕಣ್ಣು ಮುಚ್ಚಿದೆ. ಅಧಿಕಾರಿ ಮಾತ್ರ ಬರೆಯುತ್ತಿದ್ದರು. ಆಮೇಲೆ ಓದಿ ಹೇಳಿದರು: "ಕೀ ಇಲ್ಲದೆ ಯಜಮಾನರಿಗೂ ಪ್ರವೇಶವಿಲ್ಲ. ಕೆಲಸ ಬಿಟ್ಟವರಿಗಿಲ್ಲ. ಕಾವಲಿನವರಿಗಿಲ್ಲ. ಭದ್ರತೆ ತೃಪ್ತಿಕರ."

ಅಷ್ಟರಲ್ಲಿ ಆಫೀಸಿನ ಅಮ್ಮ ಹಳೇ ಟೂತ್‌ಬ್ರಷ್ಷೂ ಸ್ಯಾನಿಟೈಸರೂ ತಂದು ಕೀಯನ್ನು ಹಲ್ಲುಜ್ಜಿದ ಹಾಗೆ ಉಜ್ಜಿ ಕೊಟ್ಟರು. ಚುಚ್ಚಿದೆ, ಖಾತೆ ತೆರೆಯಿತು. ಹೋದ ಜೀವ ಬಂತು.

ಅಧಿಕಾರಿ ಹೊರಡುವಾಗ ತಮ್ಮ ಚೀಲದಿಂದ ತಮ್ಮದೇ ಭದ್ರತಾ ಕೀ ತೆಗೆದು ಅಮ್ಮನ ಮುಂದೆ ಹಿಡಿದರು. ಅದರ ಹಿಂಬದಿಯಲ್ಲಿ ಪುಟ್ಟದೊಂದು ಕುಂಕುಮದ ಬೊಟ್ಟು.

"ನಮ್ಮಲ್ಲೂ ಪೂಜೆ ಮಾಡ್ತೀವಿ ಕಣಮ್ಮ" ಎಂದು ಅವರು ಮೊದಲ ಸಲ ನಕ್ಕರು. "ಆದ್ರೆ ಹಣೆಗೆ ಇಡ್ತೀವಿ. ಬಾಯಿಗೆ ತುಂಬಲ್ಲ."