ಅತಿಥಿ ಬರುವ ತನಕ ಮೊದಲಾರ್ಧ

ಕುವೈತಿನ ಫಹಾಹೀಲಿನಲ್ಲಿರುವ ಕರಾವಳಿ ಬಾಂಧವರ ಸಂಘದ ನಿಯಮಾವಳಿಯಂತೆ, ಫುಟ್‌ಬಾಲ್ ಪಂದ್ಯದ ಮೊದಲಾರ್ಧವು ಮುಖ್ಯ ಅತಿಥಿಗಳು ವೇದಿಕೆಗೆ ಬಂದು ಕುಳಿತ ಮೇಲೆಯೇ ಮುಗಿಯತಕ್ಕದ್ದು. ಕಳೆದ ವರ್ಷ ಅತಿಥಿಗಳು ಬರುವಷ್ಟರಲ್ಲಿ ಮಧ್ಯಂತರ ಮುಗಿದುಹೋಗಿತ್ತು. ಆಟದ ನಡುವೆಯೇ ಶಾಲು ಹೊದಿಸಲು ಹೋದಾಗ ಚೆಂಡು ಹಣ್ಣಿನ ಬುಟ್ಟಿಗೆ ಬಡಿಯಿತು. ಅತಿಥಿಗಳು ಮುನಿಸಿಕೊಂಡು, ತಾವೇ ಕೊಡಿಸಿದ್ದ ಬಿರಿಯಾನಿಯನ್ನು ವಾಪಸ್ ಕಳಿಸಿದರು. ಆದ್ದರಿಂದ ಈ ತಿದ್ದುಪಡಿ.

ನಿಯಮವನ್ನು ಜಾರಿಗೆ ತರುವ ಹೊಣೆ ಸಮಯಪಾಲಕ ಸೇಸಪ್ಪನದು. ಸ್ಟಾಪ್‌ವಾಚ್ ಅವನ ಕೊರಳಲ್ಲಿ. ರೆಫರಿ ಸೀಟಿ ಊದುವುದೂ ಅವನು ಕೈ ಎತ್ತಿದ ಮೇಲೆಯೇ. ವಾರವಿಡೀ ಒಂದು ಕಂಪನಿಯ ಸ್ಟೋರ್‌ಕೀಪರ್ ಆಗಿರುವ ಸೇಸಪ್ಪ, ಶುಕ್ರವಾರಗಳಂದು ಸಂಘದ ಸನ್ಮಾನಗಳಲ್ಲಿ ಶಾಲಿನ ತಟ್ಟೆ ಹಿಡಿಯುತ್ತಾನೆ. ಕುವೈತಿಗೆ ಬಂದವರು, ಕುವೈತ್ ಬಿಟ್ಟು ಹೊರಟವರು, ಬರುತ್ತೇನೆಂದು ಹೇಳಿ ಬಾರದವರು, ಎಲ್ಲರಿಗೂ ಅವನ ತಟ್ಟೆಯಿಂದ ಶಾಲು ಹೋಗಿದೆ. ಅವನ ಹೆಗಲಿಗೆ ಮಾತ್ರ ಒಂದೂ ಬಿದ್ದಿರಲಿಲ್ಲ. ಈ ಸಲ ಮಧ್ಯಂತರದ ಸನ್ಮಾನದಲ್ಲಿ ಅವನ ಹೆಸರೂ ಇತ್ತು. ಹೆಂಡತಿ ಆಶಾಲತಾ ರೇಷ್ಮೆ ಸೀರೆ ಉಟ್ಟು ಗೆರೆಯಾಚೆ ನಿಂತಿದ್ದಳು. ಅವಳ ಮೊಬೈಲಿನಲ್ಲಿ, ಮೂಲ್ಕಿಯ ಮನೆಯಿಂದ ಅವನ ಅಮ್ಮ ಕನ್ನಡಕ ಒರೆಸಿಕೊಂಡು ಕಾಯುತ್ತಿದ್ದರು. ಮೊದಲಾರ್ಧ ಒಮ್ಮೆ ಮುಗಿದರೆ ಸಾಕು ಅನಿಸಿತ್ತು ಸೇಸಪ್ಪನಿಗೆ.

ಮುಗಿಯಲು ಒಂದು ನಿಮಿಷ ಇರುವಾಗ, ಫಹಾಹೀಲ್ ತಂಡ ಒಂದು ಗೋಲು ಮುಂದಿರುವಾಗ, ಸಂಘದ ಅಧ್ಯಕ್ಷ ಜೋಕಿಮ್ ಏದುಸಿರು ಬಿಡುತ್ತ ಬಂದರು.

"ಸೇಸಪ್ಪಣ್ಣ, ವಾಚ್ ನಿಲ್ಸಿ ಮಾರಾಯ್ರೆ! ಸದಾನಂದಣ್ಣ ಇನ್ನೂ ಸಾಲ್ಮಿಯಾದಲ್ಲಿ ಇದ್ದಾರೆ. ಅಲ್ಲಿ ಬ್ಯಾಡ್ಮಿಂಟನ್ ಉದ್ಘಾಟನೆಯಂತೆ."

ಸದಾನಂದಣ್ಣ ಎಂದರೆ ಈ ವರ್ಷದ ಮುಖ್ಯ ಅತಿಥಿ, ಹೋಟೆಲ್ ಮಾಲೀಕರು, ಬಿರಿಯಾನಿಯ ದಾನಿ.

"ಸುಮ್ಮನೆ ನಿಲ್ಸ್ಲಿಕ್ಕೆ ಆಗುದಿಲ್ಲ ಅಧ್ಯಕ್ಷರೇ. ಯಾವುದಾದ್ರೂ ತಂಡ ಟೈಮ್‌ಔಟ್ ಕೇಳ್ಬೇಕು."

ಕೇಳಿಸಲಾಯಿತು. ಮೊದಲು ಫಹಾಹೀಲ್ ನಾಯಕ ಅಖಿಲ್ ಕೇಳಿದ, ಆಮೇಲೆ ಎದುರಾಳಿ ಫರ್ವಾನಿಯಾ ತಂಡದ ನಾಯಕ ಗ್ಲೆನ್. ತಂಡಕ್ಕೆ ಒಂದರಂತೆ ಇದ್ದದ್ದು ಎರಡೇ ಟೈಮ್‌ಔಟ್, ಎರಡೂ ಖಲಾಸ್. ಸದಾನಂದಣ್ಣನಿಗೆ ಫೋನ್ ಮಾಡಿದಾಗ, ಹೈವೇ ಹತ್ತಿಯಾಯಿತು ಎಂದರು. ಹಿಂದಿನಿಂದ ಶಟ್ಲ್ ಹೊಡೆಯುವ ಸದ್ದು ಕೇಳಿಸುತ್ತಿತ್ತು.

ಕಾರ್ನರ್ ಬಾವುಟದ ಬಳಿ ಕಾರ್ಯಕಾರಿ ಸಮಿತಿಯ ತುರ್ತು ಸಭೆ ಸೇರಿತು. ನಿರೂಪಕಿ ಲೊರೈನ್ ಮೈಕಿನಲ್ಲಿ ನಿರ್ಣಯವನ್ನು ಪ್ರಕಟಿಸಿದಳು: "ಗಮನಿಸಿ. ಇನ್ನು ಮುಂದೆ ದಾನಿಗಳೂ ಟೈಮ್‌ಔಟ್ ಪಡೆಯಬಹುದು. ಈಗಿನ ಟೈಮ್‌ಔಟನ್ನು ನಿಮಗೆ ಅರ್ಪಿಸುತ್ತಿರುವವರು ನಮ್ಮ ಪ್ರೀತಿಯ ಕಾರ್ಗೋ ಸಂಸ್ಥೆ. ನಿಮ್ಮ ಪೆಟ್ಟಿಗೆ ಊರಿಗೆ ತಡವಾಗಿ ತಲುಪಬಹುದು, ಟೈಮ್‌ಔಟ್ ಮಾತ್ರ ತಡವಾಗದು!"

ಬೇಡಿಕೆ ಏರಿತು. ಚಿನ್ನದ ಅಂಗಡಿಯವರು ಒಂದು ಕೊಂಡರು, ಡ್ರೈವಿಂಗ್ ಕಲಿಸುವವರು ಒಂದು. ಗೃಹಸ್ಥರೊಬ್ಬರು ಮಗಳ ಹುಟ್ಟುಹಬ್ಬಕ್ಕೆಂದು ಒಂದನ್ನು ಖರೀದಿಸಿ ಮೈದಾನದ ನಟ್ಟನಡುವೆ ಕೇಕ್ ಕತ್ತರಿಸಿದರು. ರೆಫರಿಗೂ ಒಂದು ತುಂಡು ಸಿಕ್ಕಿತು. ಗೋಲ್‌ಕೀಪರ್ ಬಲೆಗೆ ಒರಗಿ ನಿದ್ದೆಹೋದ.

ಆದರೆ ಎರಡು ಟೈಮ್‌ಔಟ್‌ಗಳ ನಡುವೆ ಚೆಂಡು ಒಮ್ಮೆಯಾದರೂ ಉರುಳತಕ್ಕದ್ದು ಎಂಬ ನಿಯಮ ಇತ್ತು. ಉರುಳಿದಷ್ಟು ಹೊತ್ತು ವಾಚ್ ಓಡುತ್ತಿತ್ತು.

"ಸೇಸಪ್ಪಣ್ಣ, ಬಾಲ್ ದೂರ ಹೋದ್ರೆ ಹಾಫ್ ಮುಗಿದ್ಹೋಗ್ತದಲ್ಲ?" ಎಂದು ಅಖಿಲ್ ಕೇಳಿದ.

"ಮೆಲ್ಲ ಒದಿ ಮಾರಾಯ. ಚೆಂಡಿಗೆ ಗೊತ್ತಾಗ್ಬಾರ್ದು."

ಅಲ್ಲಿಂದ ಮುಂದೆ ಎರಡೂ ತಂಡಗಳು ಚೆಂಡನ್ನು ಹೆಬ್ಬೆರಳಿನಿಂದ ಮುಟ್ಟಿ ಹಿಂದೆ ಸರಿದವು. ಇಷ್ಟು ಸೊಗಸಾದ ಆಟ ನೋಡಿಲ್ಲ ಎಂದು ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಸೇಸಪ್ಪನಿಗೆ ಮಾತ್ರ ಬೇಜಾರು. ಗುಂಡಿ ಒತ್ತಿದ ಪ್ರತಿ ಸಲವೂ ತನ್ನ ಶಾಲನ್ನು ತಾನೇ ದೂರ ತಳ್ಳಿದಂತಾಗುತ್ತಿತ್ತು.

"ಇವ್ರೇ, ಎಷ್ಟೊತ್ತು ಉಂಟು ಅಂತ ಅತ್ತೆ ಕೇಳ್ತಿದ್ದಾರೆ," ಎಂದಳು ಆಶಾಲತಾ.

"ಒಂದು ನಿಮಿಷ ಅಂತ ಹೇಳು."

"ಆಗಿಂದ ಅದನ್ನೇ ಹೇಳ್ತಾ ಇದ್ದೇನೆ."

ಕೊನೆಗೆ ವಾಚಿನಲ್ಲಿ ಒಂದೇ ಒಂದು ಸೆಕೆಂಡ್ ಉಳಿದಿದ್ದಾಗ ಸದಾನಂದಣ್ಣನ ಕಾರು ಬಂತು. ಜೊತೆಗೆ ಅವರ ಗೆಳೆಯ ಲಿಗೋರಿಯೂ ಇಳಿದರು. ಗೆಳೆಯರನ್ನು ಬರಿ ಹೆಗಲಲ್ಲಿ ಕೂರಿಸುವುದು ಸಂಘಕ್ಕೆ ಶೋಭೆಯಲ್ಲ. ಸೇಸಪ್ಪ ಅಭ್ಯಾಸಬಲದಿಂದ ತಟ್ಟೆ ಹಿಡಿದು ನಿಂತ. ಮಧ್ಯಂತರಕ್ಕೂ ಕಾಯದೆ ಒಂದು ಶಾಲು ಸದಾನಂದಣ್ಣನಿಗೆ ಹೋಯಿತು. ಸೇಸಪ್ಪನಿಗೆಂದು ತಂದಿದ್ದ ಇನ್ನೊಂದು, ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಬಂದ ಸೇವೆಯನ್ನು ಗುರುತಿಸಿ, ಲಿಗೋರಿಯವರ ಹೆಗಲೇರಿತು.

"ಯಲ್ಲಾ ಸೇಸಪ್ಪಣ್ಣ, ಈಗ ಮುಗ್ಸಿ," ಎಂದು ಜೋಕಿಮ್ ಅರಬಿ ಬೆರೆಸಿ ಅವಸರಪಡಿಸಿದರು. ಮಧ್ಯಂತರವಾಗದೆ ಬಿರಿಯಾನಿಯ ಮುಚ್ಚಳ ತೆರೆಯುವಂತಿರಲಿಲ್ಲ.

ಸೇಸಪ್ಪ ಖಾಲಿ ತಟ್ಟೆ ನೋಡಿದ. ಮೊಬೈಲಿನಲ್ಲಿ ಅಮ್ಮ ಮತ್ತೊಮ್ಮೆ ಕನ್ನಡಕ ಒರೆಸುತ್ತಿದ್ದರು. ಅವನಿಗೆ ಸಿಟ್ಟು ನೆತ್ತಿಗೇರಿತು.

"ಒಂದು ಸೆಕೆಂಡ್ ಬಾಕಿ ಉಂಟು," ಎಂದ. "ಸಮಯಪಾಲಕರ ಟೈಮ್‌ಔಟ್."

"ಅಂಥದ್ದು ಎಲ್ಲಿ ಉಂಟು ಮಾರಾಯ್ರೆ?"

"ಬರ್ತ್‌ಡೇ ಟೈಮ್‌ಔಟ್ ಪಕ್ಕದಲ್ಲೇ ಉಂಟು."

ಜೋಕಿಮ್ ಯೋಚಿಸಿದರು. ತರ್ಕದಲ್ಲಿ ದೋಷ ಕಾಣಲಿಲ್ಲ. "ಎಷ್ಟು ಹೊತ್ತಿಂದು?"

"ಶಾಲು ಬರುವವರೆಗೆ."

ಬಿರಿಯಾನಿಯ ಪರಿಮಳ ಮೈದಾನವಿಡೀ ಹರಡಿತ್ತು. ಗ್ಲೆನ್ ಆಟದ ಶೂನಲ್ಲೇ ಫಹಾಹೀಲ್ ಮಾರ್ಕೆಟ್ಟಿಗೆ ಓಡಿದ. ಶಾಲು ಸಿಗದೆ, ದಪ್ಪನೆಯ ನೀಲಿ ಸ್ನಾನದ ಟವೆಲ್ ಹಿಡಿದು ಬಂದ. ಹೆಗಲ ಮೇಲೆ ನಿಲ್ಲುವ ಯಾವುದೇ ಬಟ್ಟೆಯನ್ನು ಶಾಲೆಂದು ಪರಿಗಣಿಸತಕ್ಕದ್ದು ಎಂದು ಸಮಿತಿ ನಿಂತಲ್ಲೇ ನಿರ್ಣಯಿಸಿತು. ಸದಾನಂದಣ್ಣ ಟವೆಲ್ ಹೊದಿಸಿದರು, ತಟ್ಟೆಯನ್ನು ಲಿಗೋರಿ ಹಿಡಿದರು. ಆಶಾಲತಾ ಮೊಬೈಲನ್ನು ಎತ್ತಿ ತೋರಿಸಿದಳು.

"ಒಳ್ಳೆ ದಪ್ಪ ಉಂಟು ಮಗಾ, ಚಳಿಗಾಲಕ್ಕೆ ಆಯ್ತು," ಎಂದು ಅಮ್ಮ ಅತ್ತರು. ಸೇಸಪ್ಪನೂ ಅತ್ತ, ಒರೆಸಿಕೊಳ್ಳಲು ಶಾಲು ಅನುಕೂಲವಾಗಿತ್ತು. ಆಮೇಲೆ ಗುಂಡಿ ಒತ್ತಿ ಕೈ ಎತ್ತಿದ. ಮೊದಲಾರ್ಧ ಮುಗಿಯಿತು.

ಅಷ್ಟರಲ್ಲಿ ಮೈದಾನದ ಕಾವಲುಗಾರ ಬೀಗ ಹಾಕಲು ಬಂದು ನಿಂತಿದ್ದ. ದ್ವಿತೀಯಾರ್ಧವನ್ನು ಆಡಲಾಗಿದೆ ಎಂದು ಭಾವಿಸತಕ್ಕದ್ದು ಎಂಬ ಸೂಚನೆಯನ್ನು ಸೋಲುತ್ತಿದ್ದ ಗ್ಲೆನ್ ಮಂಡಿಸಿದ, ಅಖಿಲ್ ಅನುಮೋದಿಸಿದ. ಬಿರಿಯಾನಿಯ ಸಾಲಿನಲ್ಲೇ ಮುಂದಿನ ವರ್ಷದ ತಿದ್ದುಪಡಿಯೂ ಅಂಗೀಕಾರವಾಯಿತು: ಇಡೀ ಸಂಜೆ ಸನ್ಮಾನ ನಡೆಯತಕ್ಕದ್ದು, ಅದರ ಮಧ್ಯಂತರದಲ್ಲಿ, ಅತಿಥಿಗಳು ಚಹಾ ಕುಡಿಯುವಷ್ಟು ಹೊತ್ತು, ಫುಟ್‌ಬಾಲ್ ಆಡಬಹುದು. ಆಟಗಾರರೆಲ್ಲ ತಟ್ಟೆ ಹಿಡಿಯದ ಕೈ ಎತ್ತಿ ಒಪ್ಪಿಗೆ ಕೊಟ್ಟರು.