ಕೈ ತೊಳೆಯದ ಪಿಲಾತ

ಯೇಸುಸ್ವಾಮಿಗೆ ಬಿಡುಗಡೆ ಕೊಟ್ಟು ಮನೆಗೆ ಕಳಿಸಿದ ಮನುಷ್ಯ ಈ ಭೂಮಿ ಮೇಲೆ ಒಬ್ಬನೇ ಇದ್ದಾನೆ. ಅವನು ನಮ್ಮ ಮೈದುನ! ನಂಬಿಕೆ ಬರದಿದ್ದರೆ ಕಂಪಲಾಪುರದ ಕಡೆ ಬಂದು ಯಾರನ್ನಾದರೂ ಕೇಳಿ. ಮೊದಲು ನಗುತ್ತಾರೆ, ಆಮೇಲೆ ಹೇಳುತ್ತಾರೆ.

ಇವನು ಹುಟ್ಟಿದ್ದೇ ನ್ಯಾಯ ಹೇಳೋಕೆ. ಯಾರೂ ಕರೆದಿರಲಿಲ್ಲ, ಯಾರೂ ನೇಮಿಸಿರಲಿಲ್ಲ. ಊರಲ್ಲಿ ನಾಯಿ ಕೋಳಿ ಹಿಡಿದರೆ ಇವನು ಜಗಲಿ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. "ತಪ್ಪು ಯಾರ್ದು?" ಅನ್ನೋದು ಅವನ ಮೊದಲ ಮಾತು. ತಪ್ಪು ಯಾರದೋ ಒಬ್ಬರದು ಆಗಲೇಬೇಕು. ಸುಮ್ಮನೆ ಏನೂ ಆಗೋ ಹಾಗಿಲ್ಲ ಈ ಲೋಕದಲ್ಲಿ!

ಒಂದು ದಿನ ಅವನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಒಲೆ ಮೇಲೆ ಇಟ್ಟ ಹಾಲು ಉಕ್ಕಿ ಹೋಯಿತು. ಎಲ್ಲರ ಮನೇಲೂ ಉಕ್ಕುತ್ತೆ, ಒರೆಸಿ ಬಿಡುತ್ತಾರೆ. ಇವನು ಒರೆಸೋಕೆ ಬಿಡಲಿಲ್ಲ. ವಿಚಾರಣೆ ಆಗೋವರೆಗೂ ಒಲೆ ಮುಟ್ಟಬಾರದು ಅಂತ ಅಪ್ಪಣೆ ಮಾಡಿದ. ಹೆಂಡತೀನ ಕೇಳಿದ, ಸೌದೆ ತಂದವನನ್ನ ಕೇಳಿದ, ಕೊನೆಗೆ ಕೊಟ್ಟಿಗೆಗೆ ಹೋಗಿ ಹಸೂನ ನೋಡಿಕೊಂಡು ಬಂದ. ತೀರ್ಪು ಏನು ಗೊತ್ತಾ? "ಹಾಲು ಜಾಸ್ತಿ ಆಗಿದ್ದಕ್ಕೇ ಉಕ್ಕಿದ್ದು. ಜಾಸ್ತಿ ಆಗಿದ್ದು ಹಿಂಡಿ ಜಾಸ್ತಿ ತಿಂದಿದ್ದಕ್ಕೆ. ಹಿಂಡಿ ಹಾಕ್ದೋಳು ಅತ್ಗೆ!" ನಾನು ಪಕ್ಕದ ಮನೇಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದೋಳು, ಅಪರಾಧಿ ಆದೆ!

"ಲೋ, ನಿನ್ನ ಹಸಕ್ಕೆ ಹೊಟ್ಟೆ ತುಂಬ ಹಾಕಿದ್ದು ತಪ್ಪಾ?" ಅಂತ ಕೇಳಿದೆ.

"ಪ್ರೀತೀಲೇ ಹಾಕಿದ್ದೀರಾ ಅತ್ಗೆ, ಇಲ್ಲ ಅನ್ನಕಿಲ್ಲ. ಆದ್ರೂ ನ್ಯಾಯ ನ್ಯಾಯವೇ ಕಣಿ."

ತನಗೂ ಬಿಡುತ್ತಿರಲಿಲ್ಲ, ಅದನ್ನೂ ಹೇಳಿಬಿಡಬೇಕು. ಹೊಗೆಸೊಪ್ಪು ಬೇಯಿಸೋ ಬ್ಯಾರನ್ನಲ್ಲಿ ಒಂದು ಸಲ ಬೆಂಕಿ ಜಾಸ್ತಿ ಆಗಿ ಸೊಪ್ಪೆಲ್ಲಾ ಕಪ್ಪಗಾಯಿತು. ಬೆಂಕಿ ಕಾಯುತ್ತಾ ಕೂತು ನಿದ್ದೆ ಹೋದವನು ಇವನೇ. ಕುರ್ಚಿ ಹಾಕಿಕೊಂಡು ಕೂತ, ತನ್ನನ್ನೇ ನಿಲ್ಲಿಸಿ ಕೇಳಿದ, ತಪ್ಪು ಅಂತ ಒಪ್ಪಿಕೊಂಡ. ತಿಂಗಳವರೆಗೆ ಕಾಫಿ ಕುಡಿಯೋ ಹಾಗಿಲ್ಲ ಅಂತ ಶಿಕ್ಷೆ. ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯೋಕೆ ಶುರುವಾಯಿತು. ತಾನೇ ಅಪೀಲು ಹಾಕಿಕೊಂಡ, ತಾನೇ ವಿಚಾರಿಸಿದ, ಶಿಕ್ಷೆ ಸಾಕು ಅಂತ ತೀರ್ಮಾನ ಮಾಡಿ ದೊಡ್ಡ ಲೋಟದಲ್ಲಿ ಕುಡಿದ. ಇಷ್ಟು ಬೇಗ ಮುಗಿಯೋ ಕೋರ್ಟು ಎಲ್ಲಿದೆ ಹೇಳಿ?

ಇಂಥವನ ಬಾಯಿ ಒಂದು ದಿನ ಮುಚ್ಚಿಹೋಯಿತು.

ಅವನ ಸೊಸೆ ಕಿರಿಸ್ತಾನರ ಹುಡುಗಿ. ಮಗ ಇಷ್ಟಪಟ್ಟು ಕಟ್ಟಿಕೊಂಡು ಬಂದ. ಮೈದುನ ಅದಕ್ಕೂ ಪಂಚಾಯ್ತಿ ಸೇರಿಸಿ, ಎರಡು ಕಡೆಯೂ ತಪ್ಪು ಸಿಗದೆ, ಬೇಜಾರಾಗಿ ಒಪ್ಪಿಕೊಂಡ. ಹುಡುಗಿ ಒಳ್ಳೆಯವಳು. ಅತ್ತೆ ಸೊಸೆ ಒಂದೇ ತಟ್ಟೇಲಿ ಉಣ್ಣೋರು. ಹಸಕ್ಕೆ ಹುಲ್ಲು ಕುಯ್ಯೋದು ಒಂದು ದಿನ ಇವಳು, ಒಂದು ದಿನ ಅವಳು. ಹೋದ ವರ್ಷ ಗುಡ್ ಫ್ರೈಡೆ ದಿನ ಸರದಿ ಸೊಸೇದು. "ನೀನು ಚರ್ಚಿಗೆ ಹೋಗವ್ವ, ದೊಡ್ಡ ದಿನ, ನಾನೇ ತತ್ತೀನಿ" ಅಂತ ನನ್ನ ಓರಗಿತ್ತಿ ಕುಡುಗೋಲು ಹಿಡಿದು ಹೋದಳು. ಬದಿನ ಹುಲ್ಲಲ್ಲಿ ಕೊಳಕುಮಂಡಲ ಹಾವಿತ್ತು, ಕಚ್ಚಿತು. ಆಸ್ಪತ್ರೆ ಮುಟ್ಟೋ ಮೊದಲೇ ಹೋದಳು.

ಆಮೇಲೆ ಶುರುವಾಯಿತು ನೋಡಿ. ನನ್ನ ನಾದಿನಿ ಒಬ್ಬಳಿದ್ದಾಳೆ, ಕೋಟೆ ಅನ್ನೋ ಊರಿಗೆ ಕೊಟ್ಟಿರೋದು, ಮೈದುನನಿಗೆ ಅಕ್ಕ. ಹೆಣ ಎತ್ತೋಕೆ ಮುಂಚೆಯೇ ಅಂದಳು: "ಇವಳ ಸರದಿ ಕಣ್ರೋ! ಇವಳು ಶಿಲುಬೆ ಮುಂದೆ ಕೂತಿದ್ಲು, ಅವಳು ಇವಳ ಸಾವ ಸತ್ಲು." ಆ ಮಾತು ಹೊಲ, ಬಾವಿ, ಬಸ್ ಸ್ಟಾಂಡು ಎಲ್ಲಾ ಸುತ್ತಿತು. ಸೊಸೆ ಎದುರು ಯಾರೂ ಆಡಲಿಲ್ಲ, ಅವಳ ಬೆನ್ನಿಗೆ ಮಾತ್ರ ಆಡಿದರು. ಬೆನ್ನಿಗೇನು ಕಿವಿ ಇಲ್ಲವಾ?

ಎಲ್ಲರೂ ಮೈದುನನ ಮುಖ ನೋಡಿದರು. ಹಾಲು ಉಕ್ಕಿದ್ದಕ್ಕೆ ಕುರ್ಚಿ ಹಾಕಿದವನು ಇದಕ್ಕೆ ಹಾಕಲಿಲ್ಲ. ತಪ್ಪು ಯಾರದು ಅನ್ನಲಿಲ್ಲ. ಸೊಸೆಗೆ ಬೈದಿದ್ದರೂ ಅವಳು ಅತ್ತು ಹಗುರಾಗುತ್ತಿದ್ದಳು. ಇಲ್ಲ ನಿನ್ನ ತಪ್ಪಲ್ಲ ಅಂದಿದ್ದರೆ ಚೇತರಿಸಿಕೊಳ್ಳುತ್ತಿದ್ದಳು. ಇವನು ಮೂಗ ಆದ. ಊರಲ್ಲಿ ಪಾರ್ಟು ಕಟ್ಟುತ್ತಿದ್ದ ನಾಟಕ ಬಿಟ್ಟ, ಜಗಲಿ ಬಿಟ್ಟ. ವರ್ಷದ ತಿಥಿ ಹತ್ತಿರ ಬಂತು. ನಾದಿನಿ ಫೋನು ಮಾಡಿ, "ತಿಥಿ ದಿನ ಎಲ್ಲಾ ಸೇರ್ತೀವಲ್ಲ, ಅವಳನ್ನ ಅವಳ ತವ್ರಿಗೆ ಕಳಿಸೋ ಮಾತು ಅವತ್ತೇ ಮುಗಿಸ್ಬುಡುವ" ಅಂದಳು. ಮಗ ಕೊಪ್ಪದ ಅಂಗಡಿಗೆ ಹೋಗೋದು, ಬರೋದು, ಬಾಯಿ ಬಿಡದ ಗಂಡು. ಸೊಸೆ ನನ್ನ ಹತ್ತಿರ ಬಂದು, "ದೊಡ್ಡತ್ತೆ, ಮಾವನೋರು ಹೋಗು ಅಂದ್ರೆ ಹೋಗ್ತೀನಿ. ಅವರ ಬಾಯಿಂದಲೇ ಬರ್ಲಿ" ಅಂದಳು. ಬಟ್ಟೆ ಬ್ಯಾಗಿಗೆ ತುಂಬಿಟ್ಟಿದ್ದಳು. ನಾನು ಕಣ್ಣಾರೆ ನೋಡಿದೆ.

ಆ ಹೊತ್ತಿಗೆ ಪಕ್ಕದೂರಿನ ಚರ್ಚಿನ ಫಾದರ್ ಮೈದುನನ ಮನೆಗೆ ಬಂದರು. ಗುಡ್ ಫ್ರೈಡೆ ದಿನ ಅವರು ಯೇಸು ಸಾಯೋ ಕತೇನ ನಾಟಕದ ಹಾಗೆ ಮಾಡುತ್ತಾರೆ. ಪಿಲಾತ ಅಂತ ಒಬ್ಬ ಅಧಿಕಾರಿ, ಯೇಸುವಿಗೆ ಮರಣದಂಡನೆ ಕೊಡೋನು. ಆ ಪಾರ್ಟು ಮಾಡುತ್ತಿದ್ದವರು ಮಂಡಿ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರು. ಸೊಸೆಯೇ ಹೇಳಿದ್ದಳು: "ನಮ್ಮ ಮಾವನೋರು ದುರ್ಯೋಧನನ ಪಾರ್ಟು ಕಟ್ತಾರೆ ಫಾದರ್. ಗಂಟಲು ಮೈಕಿಲ್ದೆ ಕೆರೆ ಆಚೆಗೂ ಕೇಳುತ್ತೆ." ಬ್ಯಾಗು ಕಟ್ಟಿಟ್ಟವಳು ಮಾವನ ಬಾಯಿ ತೆರೆಸೋಕೆ ನೋಡುತ್ತಿದ್ದಳು!

ಫಾದರ್ ಕತೆ ಹೇಳಿದರು. ಯೂದ ಅನ್ನೋ ಶಿಷ್ಯ ಹಿಡಿದುಕೊಟ್ಟ, ಜನ ಕೂಗಿದರು, ಯೇಸು ನಿರಪರಾಧಿ ಅಂತ ಗೊತ್ತಿದ್ದೂ ಪಿಲಾತ ಶಿಕ್ಷೆ ಕೊಟ್ಟು, "ಈ ರಕ್ತ ನನ್ನ ತಪ್ಪಲ್ಲ" ಅಂತ ಕೈ ತೊಳೆದುಕೊಂಡ. ಇಷ್ಟು ಹೇಳೋದರೊಳಗೆ ಮೈದುನನ ಕಿವಿ ನೆಟ್ಟಗಾಯಿತು. ವರ್ಷದ ಮೇಲೆ ಮೊದಲ ಸಲ ಕೇಳಿದ:

"ಅಂಗಾದ್ರೆ ತಪ್ಪು ಯಾರ್ದು ಫಾದ್ರೇ?"

"ಹಾಗೆ ಕೇಳಿದ್ರೆ..." ಅಂತ ಫಾದರ್ ತಡವರಿಸಿದರು. "ಲೋಕದ ಪಾಪಕ್ಕಾಗಿ ಸಾಯಬೇಕು ಅಂತ ದೇವರೇ ಮೊದಲೇ ಗೊತ್ತುಮಾಡಿದ್ದ."

"ದೇವ್ರೇ ಗೊತ್ತುಮಾಡಿದ್ರೆ ಯೂದನ್ನ ಯಾಕೆ ಬೈತೀರಿ? ಅವನು ಹೇಳಿದ ಕೆಲ್ಸ ಮಾಡ್ದ, ಅಷ್ಟೇ ಅಲ್ವಾ?"

"ದೇವರ ಚಿತ್ತವೂ ಹೌದು, ಮನುಷ್ಯನ ತಪ್ಪೂ ಹೌದು."

"ಒಂದು ಹಸೂನ ಎರಡು ಕೊಟ್ಟಿಗೇಲಿ ಕಟ್ಟಾಕಾಯ್ತದಾ ಫಾದ್ರೇ?"

ಪಾಪ, ಫಾದರ್ ಕಾಫಿ ಆರಿಹೋಯಿತು! ಮೈದುನ ಪಾರ್ಟು ಒಪ್ಪಿಕೊಂಡು ಮಾರನೆ ದಿನ ಅಭ್ಯಾಸಕ್ಕೆ ಹೋದರೂ ಅದೇ ಪ್ರಶ್ನೆ, ಅದರ ಮಾರನೆ ದಿನವೂ ಅದೇ. ಜೊತೆಗೆ ಹೋಗುತ್ತಿದ್ದ ನಾನೇ ಕೇಳಿದ್ದು ಇದೆಲ್ಲ. "ನಮ್ ಕೃಷ್ಣನೂ ಅಂಗೇ ಕಣ್ರೀ. ಯುದ್ಧ ಆಯ್ತದೆ ಅಂತ ಗೊತ್ತಿತ್ತು, ನಿಲ್ಲಿಸ್ಲಿಲ್ಲ. ಗಾಂಧಾರಿ ಮಕ್ಕಳ ಹೆಣದ ಮುಂದೆ ನಿಂತು ಮುಖಕ್ಕೇ ಕೇಳಿದ್ಲು, ಶಾಪ ಹಾಕಿದ್ಲು. ಅವ್ನು ನನ್ನದೇನಿಲ್ಲ ತಾಯಿ ಅನ್ಲಿಲ್ಲ. ಆಗ್ಲಿ ಅಂತ ತಗೊಂಡ" ಅಂದ.

ಫಾದರ್, "ನಮ್ಮವನೂ ತಗೊಂಡ ಯಜಮಾನ್ರೇ. ತಪ್ಪು ಮಾಡದೆ ತಗೊಂಡ. ನಾವು ಮಾತ್ರ ಅದನ್ನ ಇನ್ನೊಬ್ಬರ ತಲೆಗೆ ಹಾಕ್ತಾ ಬಂದ್ವಿ. ಯೆಹೂದ್ಯರು ಕೊಂದರು ಅಂತ ಒಂದು ಜಾತಿ ಜನಾನೇ ಹಿಡಿದು ಹೊಡೆದರು, ಊರು ಬಿಡಿಸಿದರು. ನಮ್ಮ ಹಿರೀಕರೇ ಮಾಡಿದ ಪಾಪ ಅದು" ಅಂದರು.

"ಊರು ಬಿಡಿಸಿದ್ರಾ?" ಅಂದ ಮೈದುನ. ಆ ದಿನ ಅಷ್ಟೇ. ಎದ್ದು ಮನೆ ಕಡೆ ನಡೆದ.

ಗುಡ್ ಫ್ರೈಡೆ ಬಂತು. ನಾದಿನಿಯೂ ತಿಥಿಗೆ ಅಂತ ಮುಂಚೆಯೇ ಬಂದಿಳಿದಿದ್ದಳು, ನಾಟಕಕ್ಕೂ ಬಂದಳು. ನೋಡಿ ಬೈಯೋಕೆ. ಚರ್ಚಿನ ಮುಂದಿನ ಬಯಲಲ್ಲಿ ಉರಿಬಿಸಿಲು. ಪಿಲಾತ ಬಂದ! ದುರ್ಯೋಧನನ ಕಿರೀಟ, ಭುಜಕೀರ್ತಿ, ಹೆಗಲ ಮೇಲೆ ಗದೆ! ಫಾದರ್ ಗದೆ ಇಸಕೊಳ್ಳೋಕೆ ಹೋದರು, ಇವನು ಕೊಡಲಿಲ್ಲ. ಹಾರ್ಮೋನಿಯಂ ಮೇಷ್ಟ್ರನ್ನೂ ಕರೆತಂದಿದ್ದ. ಇವತ್ತು ವಾದ್ಯ ನುಡಿಸಬಾರದು ಅಂತ ಚರ್ಚಿನವರು ಪೆಟ್ಟಿಗೆ ಮುಚ್ಚಿಸಿದರು. ಪೆಟ್ಟಿಗೆ ಮುಚ್ಚಿದರೆ ಇವನ ಬಾಯಿ ಮುಚ್ಚುತ್ತಾ? ಶ್ರುತಿ ಇಲ್ಲದೆಯೇ ಆಲಾಪನೆ ಎತ್ತಿದ. ನಮ್ಮೂರ ಗಂಡಸರು "ಒನ್ಸ್ ಮೋರ್" ಅಂತ ಕೂಗಿದರು! ಕೈ ಕಟ್ಟಿಸಿಕೊಂಡು ನಿಂತಿದ್ದ ಯೇಸು ಪಿಸುಗುಟ್ಟಿದ್ದು ಮುಂದೆ ಕೂತ ನಮಗೆಲ್ಲ ಕೇಳಿಸಿತು: "ಬೇಗ ಮುಗ್ಸಿ ಯಜಮಾನ್ರೇ, ಕಾಲು ಸುಡ್ತಾ ಅದೆ."

ಆಮೇಲೆ ಜನ ಕೂಗಬೇಕು. ಕೂಗಿದರು: "ಶಿಲುಬೆಗೆ ಹಾಕಿ! ಶಿಲುಬೆಗೆ ಹಾಕಿ!"

ಮೈದುನ ಗದೆ ನೆಲಕ್ಕೆ ಕುಟ್ಟಿದ. "ಯಾರ್ಲಾ ಕೂಗಿದ್ದು? ಮುಂದಕ್ಕೆ ಬಾ!"

ಇದು ನಾಟಕದಲ್ಲಿ ಇಲ್ಲ! ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದೆ ಇದ್ದ ಒಬ್ಬ ಮೀಸೆಯವನನ್ನ ಹಿಡಿದುಕೊಂಡ.

"ಇವ್ನು ತಪ್ಪು ಮಾಡಿದ್ದು ನೀನು ಕಂಡ್ಯಾ?"

"ಇಲ್ಲ ಯಜಮಾನ್ರೇ."

"ಮತ್ತೆ ಯಾಕ್ಲಾ ಕೂಗ್ದೆ?"

"ಎಲ್ರೂ ಕೂಗಿದ್ರು, ನಾನೂ ಕೂಗ್ದೆ."

"ಸಾಕ್ಷಿ ಇಲ್ಲ. ಕಟ್ಟು ಬಿಚ್ರಿ. ಮನೆಗೆ ಓಗು ಕಂದ" ಅಂತ ಬಿಡುಗಡೆ ಮಾಡಿಬಿಟ್ಟ! ಸೈನಿಕ ಬಿಚ್ಚಿಯೂ ಬಿಟ್ಟ. ಯೇಸು ಹೋಗೋದೋ ನಿಲ್ಲೋದೋ ಗೊತ್ತಾಗದೆ ಕೈ ಉಜ್ಜಿಕೊಳ್ಳುತ್ತಾ ನಿಂತ. ಫಾದರ್ ಓಡಿ ಬಂದರು.

"ಯಜಮಾನ್ರೇ, ನೀವು ಬಿಟ್ಟುಬಿಟ್ರೆ ಭಾನುವಾರ ಸಮಾಧಿಯಿಂದ ಎದ್ದು ಬರೋದು ಹೇಗೆ? ಹಬ್ಬವೇ ಇಲ್ಲ!"

ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮೈದುನ ನಗಲಿಲ್ಲ. ಅಳೋ ಹೆಂಗಸರ ಪಾರ್ಟಿನಲ್ಲಿ ಸೊಸೆ ನಿಂತಿದ್ದಳು, ತಲೆ ಮೇಲೆ ಸೆರಗು. ಅವಳನ್ನ ನೋಡಿದ. ತನ್ನ ಅಕ್ಕನ್ನ ನೋಡಿದ.

"ಆಯ್ತು. ಶಿಕ್ಷೆ ಕೊಡ್ತೀನಿ. ಕೈ ಮಾತ್ರ ತೊಳಿಯಕಿಲ್ಲ."

ಸೈನಿಕ ಚೊಂಬು ಹಿಡಿದು ನಿಂತಿದ್ದ. ಇವನು ಆ ಚೊಂಬು ಇಸಕೊಂಡು ಯೇಸುವಿನ ಬಾಯಿಗೆ ಹಿಡಿದ. "ಬಿಸ್ಲಲ್ಲಿ ನಿಂತಿದೀಯ, ಕುಡಿ. ಕೊಂದೋನು ನಾನು. ಬರಕೊಳ್ಳೋರು ನನ್ನೆಸ್ರೇ ಬರಕೊಳ್ಳಿ." ಆ ಹುಡುಗ ನಿಜವಾಗಲೂ ಗಟಗಟ ಕುಡಿದ. ಬಯಲಲ್ಲಿ ಯಾರೂ ನಗಲಿಲ್ಲ ಆಗ.

ಮಾರನೆ ದಿನ ತಿಥಿ. ಎಡೆ ಇಟ್ಟು, ಉಂಡು, ಎಲೆ ಎತ್ತಿದ ಮೇಲೆ ನಾದಿನಿ ಸೆರಗು ಬಿಗಿದು ಶುರು ಮಾಡಿದಳು: "ನೋಡ್ಲಾ, ಆ ಮಾತು ಇವತ್ತು ಮುಗೀಬೇಕು. ಅವಳ ಸರದಿ ಇರ್ನಿಲ್ವಾ? ನೀನು ನ್ಯಾಯ ಹೇಳೋನು, ಹೇಳು."

"ಅತ್ಗೆ, ಕುರ್ಚಿ ತನ್ನಿ" ಅಂದ ಮೈದುನ. ತಂದು ಹಾಕಿದೆ. ಸೊಸೆ ಬಾಗಿಲ ಹಿಂದೆ ನಿಂತಿದ್ದಳು, ಅವಳ ಕಾಲು ಮಾತ್ರ ಕಾಣುತ್ತಿತ್ತು.

ಅವನು ಕುರ್ಚಿ ಮೇಲೆ ಕೂರಲಿಲ್ಲ. ಅದರ ಮುಂದೆ ನಿಂತ.

"ಅವತ್ತು ಬೆಳಿಗ್ಗೆ ಹಸ ಕೂಗ್ತಿತ್ತು. ನಿಂಗೆ ಕಿವಿ ಇಲ್ವಾ ಅಂತ ನಾನೇ ನನ್ನ ಹೆಂಡ್ತಿ ಮೇಲೆ ರೇಗ್ದೆ. ಅದಕ್ಕೇ ಅಷ್ಟು ಅವಸರದಲ್ಲಿ ಓಡಿದ್ಲು. ಸರದಿ ಯಾರ್ದಾದ್ರೂ ಇರ್ಲಿ, ಓಡಿಸ್ದೋನು ನಾನು. ತಪ್ಪು ನಂದು."

"ಅಲ್ಲ ಮಾವ!" ಸೊಸೆ ಬಾಗಿಲಿಂದ ಈಚೆ ಬಂದಳು. "ನಾನು ಕುಯ್ದಿಟ್ಟೇ ಹೋಗ್ಬಹುದಿತ್ತು. ನಂದೇ."

"ನಿಂದೆಂಗಾಯ್ತದೆ? ಸುಮ್ಕಿರು."

"ಯಾಕಾಗಲ್ಲ? ಸರದಿ ನಂದು."

"ನ್ಯಾಯ ಹೇಳೋನು ನಾನಾ ನೀನಾ?"

ಇಬ್ಬರೂ ಕಿತ್ತಾಡೋಕೆ ಶುರು ಮಾಡಿದರು! ಆಸ್ತಿಗೂ ಯಾರೂ ಹೀಗೆ ಕಿತ್ತಾಡಿದ್ದು ನಾನು ಕಂಡಿಲ್ಲ. ನನಗೆ ರೇಗಿಹೋಯಿತು.

"ಹಾವಿಂದು ಕಣ್ರೋ!" ಅಂದೆ. "ಕಚ್ಚಿದ್ದು ಹಾವು! ವರ್ಷದಿಂದ ಎಲ್ಲರ ಹೆಸರೂ ಹೇಳಿದ್ರಿ, ಹಾವಿನ ಹೆಸರು ಒಬ್ಬರಾದ್ರೂ ಎತ್ತಿದ್ರಾ?"

ನಾದಿನಿ, "ಆ ನಾಗಪ್ಪನ್ನ ಕಳಿಸಿದ್ದು ಯಾವ..." ಅಂತ ಬಾಯಿ ತೆಗೆದಳು. "ನೀವು ಕೋಟೆ ಬಸ್ಸು ನೋಡ್ಕೊಳ್ಳಿ" ಅಂದೆ. ಎದ್ದಳು. ಮೈದುನ ನೆಲಕ್ಕೆ ಕೂತುಬಿಟ್ಟ. ಹೆಂಡತಿ ಹೋದಾಗ ಅಳದವನು ಆವತ್ತು ಮೂಗು ಬಾಯಿ ಒಂದಾಗೋ ಹಾಗೆ ಅತ್ತ. ಸೊಸೆ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ನಾನು ಒಳಗೆ ಹೋಗಿ ಪಾತ್ರೆ ತೊಳೆದೆ. ಯಾರಾದರೂ ತೊಳೀಬೇಕಲ್ಲ!

ಭಾನುವಾರ ಬೆಳಿಗ್ಗೆ ಸೊಸೆ ಬ್ಯಾಗು ಬಿಚ್ಚಿ, ಒಳ್ಳೆ ಸೀರೆ ತೆಗೆದು, ಹಬ್ಬದ ಪೂಜೆ ಮುಗಿಸಿಕೊಂಡು ಬಂದಳು. ಬಂದವಳೇ ಕುಡುಗೋಲು ಎತ್ತಿಕೊಂಡಳು. ಆ ವರ್ಷವೆಲ್ಲ ಹುಲ್ಲನ್ನ ಪಕ್ಕದ ಹೊಲದವರೇ ತಂದು ಹಾಕುತ್ತಿದ್ದರು. ಮೈದುನ ಕುಡುಗೋಲು ಅವಳ ಕೈಯಿಂದ ಇಸಕೊಂಡ. ಅವಳು ಕೋಲು ಹುಡುಕಿಕೊಂಡಳು, ಹುಲ್ಲು ಬಡಿಯೋಕೆ. ಮುಂದೆ ನಾನು, ಮುಂದೆ ನಾನು ಅಂತ ಅಲ್ಲೂ ಜಗಳ. ಗೆದ್ದವಳು ಅವಳೇ. ನೆಲ ಬಡಿಯುತ್ತಾ ನಡೆದಳು, ಇವನು ಹಿಂದೆ.

ಬೇಲಿ ಹತ್ತಿರ ನಿಂತು ನನ್ನ ಕಡೆ ತಿರುಗಿದ. ಮುಖದಲ್ಲಿ ಹೆದರಿಕೆ.

"ಅತ್ಗೆ, ಈ ಮಗೀಗೂ ಏನಾದ್ರೂ ಆದ್ರೆ?"

"ಆದ್ರೆ ತಪ್ಪು ನನ್ನ ಮೇಲೆ ಹಾಕು ಕಣ್ಲಾ" ಅಂದೆ. "ಹೋಗು, ಹಸ ಕಾಯ್ತಾ ಅದೆ."